ಅರ್ಧ ಮಿಲಿಮೀಟರ್

ಬೆಲ್ಟು, ಕೈಗಡಿಯಾರ, ಚಿಲ್ಲರೆ, ಬೀಗದ ಕೈ,
ಕೊರಳ ಸರದಲ್ಲಿ ಮೀನುಗಾರರನ್ನು ಕಾಯುವ ಕಾರ್ಮೆನ್ ಮಾತೆ,
ಒಂದೊಂದಾಗಿ ತಟ್ಟೆಗೆ ಇಳಿಸಿದ ಎಲೋಯ್.
ಕೊನೆಗೆ ಜೇಬಿನಿಂದ, ಬಲೆ ಹೆಣೆಯುವ ಸೂಜಿ.
ಪ್ಲಾಸ್ಟಿಕ್ಕು, ಇರಲಿ ಬಿಡಿ, ಅಯಸ್ಕಾಂತ ಇದನ್ನು ಕೇಳುವುದಿಲ್ಲ ಎಂದೆ.
"ಅಮ್ಮನದು. ಅವಳಿಗೇ ಕೊಡಿ.
ಕೈ ಖಾಲಿಯಿದ್ದರೆ ಅವಳಿಗೆ ಹೆದರಿಕೆ."

ವೀಗೊ ಆಸ್ಪತ್ರೆಯ ನೆಲಮಾಳಿಗೆ, ಮಂಗಳವಾರ, ಬೆಳಗಿನ ಒಂಬತ್ತು.
ಹನ್ನೊಂದು ವರ್ಷದಿಂದ ಇಲ್ಲಿ ನಾನು ಹೇಳುವುದು ಒಂದೇ ಪಾಠ:
ಎಂಟು ನಿಮಿಷ. ಮಾತು ಬೇಡ. ನಿದ್ದೆ ಬೇಡ.
ಎದುರಿಗೊಂದು ಕೂಡುವ ಚಿಹ್ನೆ ಕಾಣುತ್ತದೆ, ಅದನ್ನೇ ನೋಡುತ್ತಿರಿ.
ಬೇಕೆಂದು ಏನನ್ನೂ ಯೋಚಿಸಬೇಡಿ.
ತಲೆ ಮಾತ್ರ ಅಲ್ಲಾಡಬಾರದು.

"ಕೂಡುವ ಚಿಹ್ನೆಯೋ, ಶಿಲುಬೆಯೋ?"
ಈವರೆಗೆ ಯಾರೂ ಕೇಳಿರಲಿಲ್ಲ.
ನಿಮಗೆ ಕಂಡಂತೆ, ಎಂದೆ.

ಯಂತ್ರ ಬಡಿಯತೊಡಗಿತು.
ಗಾಜಿನ ಈಚೆ, ಪರದೆಯ ಮೇಲೆ, ಹೋಳು ಹೋಳಾಗಿ ಅವನು,
ಎರಡು ಸೆಕೆಂಡಿಗೊಮ್ಮೆ ಇಡೀ ಮಿದುಳು.
ಹುಡುಕುವುದು ಗಾಯವನ್ನಲ್ಲ, ಗಡ್ಡೆಯನ್ನಲ್ಲ;
ಹಣೆಯ ಹಿಂದಿನ ಒಂದು ಊರು ಬೆಳಗಿದಾಗ
ಕಿವಿಯ ಪಕ್ಕದ ಇನ್ನೊಂದು ಜೊತೆಗೇ ಬೆಳಗುತ್ತದೆಯೇ,
ಇಲ್ಲಾ ಮುಖ ಪರಿಚಯವೂ ಇಲ್ಲದ ಹಾಗೆ
ತನ್ನ ಪಾಡಿಗೆ ತಾನಿರುತ್ತದೆಯೇ, ಅಷ್ಟು.
ರಕ್ತದ ಏರಿಳಿತ ನೋಡಿ ಮಾತುಕತೆ ಊಹಿಸುವ ಕೆಲಸ.
ಎದುರುಮನೆಯ ದೀಪ ನೋಡಿ
ಅವರ ಸಂಸಾರ ಹೇಳಿದಂತೆ.

ಐದನೇ ನಿಮಿಷಕ್ಕೆ ಗೆರೆ ಜಿಗಿಯಿತು,
ಸುಮ್ಮನಿದ್ದ ನೀರಲ್ಲಿ ಮೀನು ಹಾರಿದ ಹಾಗೆ.
ಎಡಕ್ಕೆ. ಬಲಕ್ಕೆ. ಮತ್ತೆ ಎಡಕ್ಕೆ.
ನಮ್ಮ ಮಿತಿ ಅರ್ಧ ಮಿಲಿಮೀಟರ್.
ಅವನದು ಒಂದೂ ಕಾಲು.

ಹೊರಬಂದ ಮೇಲೆ ವಿಚಾರಿಸಿದೆ, ತೊಂದರೆಯಾಯಿತೇ?
"ಇಲ್ಲವಲ್ಲ. ಚಳಿಯಾಗುತ್ತಿದೆಯಾ ಅಂತ ಕೇಳಿದಿರಿ.
ಮಾತು ಬೇಡ ಅಂದಿದ್ದಿರಿ,
ಅದಕ್ಕೆ ಇಲ್ಲ ಅಂತ ತಲೆಯಲ್ಲೇ ಹೇಳಿದೆ."

ಮೈಕನ್ನು ನಾನು ಮುಟ್ಟಿರಲಿಲ್ಲ.
ನಾನು ಕೇಳಿರಲಿಲ್ಲ,
ಆ ಪದದ ಎರಡೂ ಅರ್ಥದಲ್ಲಿ.

ಕೆಟ್ಟ ಚೌಕಟ್ಟುಗಳನ್ನು ತೆಗೆದು ನೋಡಿದರೆ ಉಳಿದದ್ದು ಸಾಲದು.
ಅವನ ಹೆಸರಿಲ್ಲದ ಸಂಖ್ಯೆಯ ಮುಂದೆ ಬರೆದೆ:
ಚಲನೆ. ಕೈಬಿಡಲಾಗಿದೆ.
ಯಾರೋ ಅವನನ್ನು ಮಾತಾಡಿಸಿದ ಆ ಹತ್ತು ಸೆಕೆಂಡು
ಕಸದ ಬುಟ್ಟಿಯಲ್ಲಿದೆ.

ಪಡಸಾಲೆಯಲ್ಲಿ ಡೊಸಿಂದಾ, ಅವನ ತಾಯಿ,
ಗೋಡೆಯ ಭಿತ್ತಿಪತ್ರದ ಮುಂದೆ ನಿಂತಿದ್ದಳು.
ಕಾಂಗಾಸ್ ಬಂದರಿನಲ್ಲಿ ನಲವತ್ತು ವರ್ಷ ಬಲೆ ರಿಪೇರಿ ಮಾಡಿದ ಬೆರಳು
ಚುಕ್ಕಿಯಿಂದ ಚುಕ್ಕಿಗೆ ಎಳೆದ ಕೆಂಪು ನೀಲಿ ಗೆರೆಗಳನ್ನು ತಡವುತ್ತಿತ್ತು.
"ಇದು ನಮ್ಮವನದೇ?"
ಅಲ್ಲಮ್ಮ, ಸ್ಕಿಜೋಫ್ರೇನಿಯಾ ಇರುವ ಅರವತ್ತೆರಡು ಜನರ ಸರಾಸರಿ.
"ಹಾಗಾದರೆ ಯಾರದೂ ಅಲ್ಲ."
ಬೆರಳು ನಿಂತಿತು. "ಇಲ್ಲಿ ಕಣ್ಣು ದೊಡ್ಡದು, ಇಲ್ಲಿ ಗಂಟು ಬಿಗಿ.
ಹರಿದದ್ದಲ್ಲ ಇದು.
ಯಾವ ಮೀನಿಗೆ ಹೆಣೆದದ್ದೋ ತಿಳಿಯದೆ
ಬಲೆ ಕೆಟ್ಟಿದೆ ಅನ್ನಬಾರದು."

ಮಾತು ಚೆನ್ನಾಗಿತ್ತು. ಪೂರ್ತಿ ನಿಜವಿರಲಿಲ್ಲ.
ಹೋದ ಮಾರ್ಚಿನಲ್ಲಿ ಅವನು ಮನೆಯ ನಲ್ಲಿಗಳಿಗೆಲ್ಲ ಬಟ್ಟೆ ಸುತ್ತಿದ್ದ,
ನೀರು ತನ್ನ ಹೆಸರು ಹೇಳುತ್ತದೆಂದು;
ಒಂಬತ್ತು ದಿನ ಊಟ ಬಿಟ್ಟಿದ್ದ.
ಅದು ಅವಳಿಗೂ ಗೊತ್ತು.
ಅವಳೇ ಆ ಬಟ್ಟೆಗಳನ್ನು ಬಿಚ್ಚಿ, ಒಗೆದು,
ಮಡಿಸಿಟ್ಟವಳು.

ಹನ್ನೊಂದೂವರೆಯ ದೋಣಿಗೆ ಹೊತ್ತಾಯಿತೆಂದು ಎದ್ದರು.
ಎಲೋಯ್ ಸರ ಹಾಕಿಕೊಂಡ, ಚಿಲ್ಲರೆ ಎಣಿಸಿಕೊಂಡ,
ಬಾಗಿಲ ಬಳಿ ತಿರುಗಿ ಕೇಳಿದ:
"ನನ್ನ ತಲೆ ಏನಾದರೂ ಉಪಯೋಗಕ್ಕೆ ಬಂತೇ?"

ನಾನು ತಲೆಯಾಡಿಸಿದೆ.
ಎಷ್ಟು, ಯಾವ ಕಡೆಗೆ,
ಪುಣ್ಯಕ್ಕೆ ಯಾರೂ ಅಳೆಯಲಿಲ್ಲ.